ಹಾಳೆ ತಟ್ಟೆಯ ಘಟಕಕ್ಕೊಂದು ಜಾಲತಾಣ: ಶಾಲಾ ಯೋಜನಾಕಾರ್ಯದ ಪೂರ್ವಸಿದ್ಧತೆ

(ಅಧ್ಯಾಪಕರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಲಿಖಿತ ರೂಪ)



ವ್ಯಾಪಾರ ಸಂಸ್ಥೆಯೊಂದಕ್ಕೆ ಜಾಲತಾಣವನ್ನು ರಚಿಸುವ ಯೋಜನಾಕಾರ್ಯವು ಇಂದು ಶಾಲೆಗಳಿಗೆ ಹೊಸದಲ್ಲ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಘಟಕಗಳು ಕೆಲಸ ಮಾಡುತ್ತಿವೆ. ಹೈಯರ್ ಸೆಕೆಂಡರಿಯ ವಾಣಿಜ್ಯ ವಿಭಾಗದಲ್ಲಿ ಕಂಪ್ಯೂಟರ್ ಅಪ್ಲಿಕೇಶನ್ ಓದುವವರಿಗೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ವೆಬ್ ಹೋಸ್ಟಿಂಗ್‌ಗಳ ಪಾಠಗಳಿವೆ. ಆದ್ದರಿಂದ ಪುಟವೊಂದನ್ನು ಕಟ್ಟುವ ವಿದ್ಯೆ ಮಕ್ಕಳಿಗೆ ಸಿಗುತ್ತಿದೆ. ಸಿಗದೆ ಉಳಿದಿರುವುದು, ಕಟ್ಟುವ ಮೊದಲು ಯೋಚಿಸುವ ಅಭ್ಯಾಸ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಅಧ್ಯಾಪಕರು ವಿಷಯವನ್ನು ಕೊಡುತ್ತಾರೆ. ಮಕ್ಕಳು ಇಲ್ಲದ ಹೋಟೆಲೊಂದಕ್ಕೆ ಇಂಗ್ಲಿಷಿನಲ್ಲಿ ಹೆಸರಿಡುತ್ತಾರೆ. ಅಂತರ್ಜಾಲದಿಂದ ಯಾವುದೋ ದೇಶದ ಊಟದ ಮೇಜಿನ ಚಿತ್ರವನ್ನು ತಂದು ಅಂಟಿಸುತ್ತಾರೆ. 'ನಮ್ಮ ಬಗ್ಗೆ', 'ಸೇವೆಗಳು', 'ಸಂಪರ್ಕಿಸಿ' ಎಂಬ ಮೂರು ಪುಟಗಳು ಮೂರು ದಿನಗಳಲ್ಲಿ ಮುಗಿಯುತ್ತವೆ. ಅಂಕಗಳು ಬರುತ್ತವೆ, ಕಡತ ಅಳಿದುಹೋಗುತ್ತದೆ. ಇದರಲ್ಲಿ ದೊಡ್ಡ ಅಪರಾಧವೇನೂ ಇಲ್ಲ. ಆದರೆ ಕಲ್ಪಿತ ಹೋಟೆಲಿನ ಯಜಮಾನನು ಎಂದೂ 'ಇದು ತಪ್ಪು' ಎನ್ನುವುದಿಲ್ಲ, 'ಈ ಬೆಲೆ ಹೋದ ತಿಂಗಳಿನದು' ಎನ್ನುವುದಿಲ್ಲ. ತಿದ್ದುವವರಿಲ್ಲದ ಕೆಲಸದಿಂದ ಮಗು ಕಲಿಯುವುದು ಅಲ್ಪ. ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಇನ್ನೂ ಒಂದು ನಷ್ಟವಿದೆ: ಕಲ್ಪಿತ ಹೋಟೆಲಿಗೆ ಕನ್ನಡ ಬೇಕಾಗುವುದೇ ಇಲ್ಲ. ಪಠ್ಯ ಕನ್ನಡದಲ್ಲಿ, ಪಾಠ ಕನ್ನಡದಲ್ಲಿ; ಕೈಯಿಂದ ಹೊರಬಂದ ಕೆಲಸ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡವು ಪರೀಕ್ಷೆಗೆ ಮಾತ್ರ ಇರುವ ಭಾಷೆಯೆಂದು ಆ ಮಗು ತನ್ನಷ್ಟಕ್ಕೆ ತೀರ್ಮಾನಿಸಿದರೆ ಅದನ್ನು ದೂರುವಂತಿಲ್ಲ.

ಆದಕಾರಣ ಯೋಜನೆಯ ಮೊದಲ ನಿರ್ಣಯ, ನಿಜವಾದ ಉದ್ಯಮವೊಂದನ್ನು ಆರಿಸುವುದು. ಅದು ಶಾಲೆಯಿಂದ ನಡೆದುಹೋಗುವಷ್ಟು ಹತ್ತಿರವಿರಬೇಕು. ಅದರ ಯಜಮಾನರು ಮೂರು ಬಾರಿಯಾದರೂ ಒಂದೊಂದು ಗಂಟೆ ಮಕ್ಕಳೊಡನೆ ಕುಳಿತುಕೊಳ್ಳಲು ಒಪ್ಪಬೇಕು. ಪೇಟೆಯ ದೊಡ್ಡ ಬಟ್ಟೆ ಅಂಗಡಿ ಬೇಡ. ಅದಕ್ಕೆ ಈಗಾಗಲೇ ಸಂಬಳದವರು ಮಾಡಿದ ಜಾಲತಾಣವಿರುತ್ತದೆ, ಮಕ್ಕಳು ಅದನ್ನೇ ನಕಲು ಮಾಡುತ್ತಾರೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಡಿಕೆ ತೋಟಗಳ ನಡುವೆ ಕಾಣಸಿಗುವ ಹಾಳೆ ತಟ್ಟೆಯ ಘಟಕವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮರದಿಂದ ತಾನಾಗಿ ಬಿದ್ದ ಹಾಳೆಗಳನ್ನು ಬೇಸಗೆಯಲ್ಲಿ ಹೆಕ್ಕಿ, ಒಣಗಿಸಿ, ಕಟ್ಟು ಕಟ್ಟಿ ಇಡುತ್ತಾರೆ. ಬೇಕಾದಾಗ ನೀರಿನಲ್ಲಿ ನೆನೆಸಿ, ತಿಕ್ಕಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತುತ್ತಾರೆ. ಯಂತ್ರ ಒಂದೋ ಎರಡೋ. ಕೆಲಸಕ್ಕೆ ಮನೆಯವರು ಮತ್ತು ನೆರೆಯವರು. ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂದ ಬಳಿಕ ಇಂಥ ತಟ್ಟೆಗಳನ್ನು ವಿಚಾರಿಸಲು ಹೆಚ್ಚಿನ ಕಾರಣ ಸಿಕ್ಕಿದೆ. ವಿಚಾರಿಸುವವರಲ್ಲಿ ಎಲ್ಲ ಭಾಷೆಯವರೂ ಇದ್ದಾರೆ. ಯೋಜನಾಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಮೊದಲ ಎರಡು ವಾರ ಕಂಪ್ಯೂಟರಿನ ಕೋಣೆಯ ಬೀಗ ತೆರೆಯಬಾರದು. ಇದು ಸ್ವಲ್ಪ ಕಠಿಣವಾಗಿ ಕೇಳಿಸಬಹುದು. ಆದರೆ ಪರದೆಯ ಮುಂದೆ ಕುಳಿತ ಕೂಡಲೇ ಮಕ್ಕಳ ಗಮನವೆಲ್ಲ ಹಿನ್ನೆಲೆಯ ಬಣ್ಣಕ್ಕೂ ಓಡುವ ಅಕ್ಷರಗಳಿಗೂ ಹರಿಯುತ್ತದೆ ಎಂಬುದು ಎಲ್ಲ ಅಧ್ಯಾಪಕರ ಅನುಭವ. ಮಕ್ಕಳ ಕೈಯಲ್ಲಿ ನೋಟ್‌ಪುಸ್ತಕ ಮಾತ್ರ ಇರಲಿ. ಘಟಕಕ್ಕೆ ಹೋಗಿ 'ನಿಮ್ಮ ಜಾಲತಾಣದಲ್ಲಿ ಏನೇನು ಇರಬೇಕು?' ಎಂದು ಕೇಳಿದರೆ ಪ್ರಯೋಜನವಿಲ್ಲ. 'ಅದೆಲ್ಲ ನಿಮಗೇ ಗೊತ್ತು ಮಕ್ಕಳೇ, ಚಂದ ಕಾಣುವ ಹಾಗೆ ಏನಾದರೂ ಹಾಕಿ' ಎಂಬ ಉತ್ತರ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: 'ಮಾವ, ಹೋದ ವಾರ ಫೋನು ಮಾಡಿದವರು ಏನೇನು ಕೇಳಿದರು?'

ಈ ಒಂದು ಪ್ರಶ್ನೆಯಿಂದ ಇಡೀ ಜಾಲತಾಣದ ನಕ್ಷೆ ಹೊರಡುತ್ತದೆ. ಹತ್ತು ಇಂಚಿನ ತಟ್ಟೆ ನೂರಕ್ಕೆ ಎಷ್ಟು? ಸಾರು ಬಡಿಸಿದರೆ ಸೋರುತ್ತದೆಯೇ? ನಾಡಿದ್ದು ಉಪನಯನ, ಐನೂರು ಸಿಗಬಹುದೇ? ಮನೆಗೆ ತಲುಪಿಸುತ್ತೀರೋ, ನಾವೇ ಬರಬೇಕೋ? ಮಳೆಗಾಲದಲ್ಲಿ ತಂದಿಟ್ಟರೆ ಬೂಷ್ಟು ಹಿಡಿಯುತ್ತದೆಯೇ? ಇಂಥ ಪ್ರಶ್ನೆಗಳನ್ನು ಒಂದು ವಾರ ಬರೆದಿಡುವಂತೆ ಫೋನಿನ ಬಳಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಬರಬೇಕು. ಮುಂದಿನ ಭೇಟಿಯಲ್ಲಿ ಮಕ್ಕಳು ಆ ಪ್ರಶ್ನೆಗಳನ್ನು ಗುಂಪು ಮಾಡಿ, ಯಾವುದು ಎಷ್ಟು ಸಲ ಬಂದಿದೆಯೆಂದು ಎಣಿಸಲಿ. ಹೆಚ್ಚು ಸಲ ಬಂದ ಪ್ರಶ್ನೆಗೆ ಮೊದಲ ಪುಟದ ಮೇಲ್ಭಾಗದಲ್ಲಿ ಉತ್ತರವಿರಬೇಕು. ಒಮ್ಮೆಯೂ ಬಾರದ ವಿಷಯಕ್ಕೆ ಪುಟವೇ ಬೇಡ. 'ನಮ್ಮ ಧ್ಯೇಯ' ಏನೆಂದು ತಟ್ಟೆ ಕೊಳ್ಳುವವರು ಫೋನಿನಲ್ಲಿ ಕೇಳುವುದಿಲ್ಲ. ಆ ಪುಟ ಇಲ್ಲಿಗೇ ಬಿದ್ದುಹೋಗುತ್ತದೆ.

ಭೇಟಿಯ ಕಾಲವನ್ನೂ ಯೋಚಿಸಿ ಆರಿಸಬೇಕು. ದೀಪಾವಳಿ ಕಳೆದ ಮೇಲೆ ನೇಮ, ಜಾತ್ರೆ, ಮದುವೆಗಳ ಬೇಡಿಕೆ ಆರಂಭವಾದರೆ ಘಟಕದವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ, ಹೊರಗೆ ಮಳೆ. ಮಾತಿಗೆ ಅದೇ ಸುಸಮಯ. ಜೂನಿನಲ್ಲಿ ಶಾಲೆ ತೆರೆಯುವುದರಿಂದ ಜುಲೈ ಕೊನೆಗೆ ವಿಚಾರಣೆ, ಓಣಂ ಪರೀಕ್ಷೆಗೆ ಮೊದಲು ಕಾಗದದ ಮೇಲಿನ ನಕ್ಷೆ, ಪರೀಕ್ಷೆಯ ಬಳಿಕ ನಿರ್ಮಾಣ, ದೀಪಾವಳಿಯ ಹೊತ್ತಿಗೆ ಹಸ್ತಾಂತರ ಎಂಬ ಕ್ರಮವು ಶಾಲೆಗೂ ಘಟಕಕ್ಕೂ ಹೊಂದುತ್ತದೆ.

ಇನ್ನು ಭಾಷೆಯ ವಿಚಾರ. ಯೋಜನೆಯ ಜೀವಾಳ ಇಲ್ಲಿರುವುದರಿಂದ ಇದನ್ನು ಅವಸರದಲ್ಲಿ ಮುಗಿಸಬಾರದು.

ಕನ್ನಡದ 'ಹಾಳೆ' ತುಳುವಿನಲ್ಲಿ 'ಪಾಳೆ', ಮಲಯಾಳದಲ್ಲಿ 'ಪಾಳ'. ಹಳೆಯ ಪಕಾರವು ಕನ್ನಡದಲ್ಲಿ ಹಕಾರವಾಯಿತು, ನೆರೆಭಾಷೆಗಳಲ್ಲಿ ಉಳಿಯಿತು. ವ್ಯಾಕರಣದ ಪಾಠದಲ್ಲಿ ಒಣ ಸೂತ್ರದಂತೆ ಕಾಣುವ ಈ ಸಂಗತಿ ಇಲ್ಲಿ ವ್ಯಾಪಾರದ ಸಂಗತಿಯಾಗುತ್ತದೆ. ಕಾಞಂಗಾಡಿನ ಗಿರಾಕಿ ತನ್ನ ಫೋನಿನಲ್ಲಿ ಹುಡುಕುವುದು ಪಾಳ ಪ್ಲೇಟನ್ನು; 'ಹಾಳೆ' ಎಂಬ ಪದವಿರುವ ಪುಟ ಅವನ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಇನ್ನೂ ವಿಚಿತ್ರವೆಂದರೆ ಕನ್ನಡದೊಳಗೇ ತೊಡಕಿದೆ. ಅಡಿಕೆ ಬೆಳೆಯದ ಸೀಮೆಯ ಕನ್ನಡಿಗನಿಗೆ 'ಹಾಳೆ' ಎಂದರೆ ಕಾಗದ. ಕಲಬುರಗಿಯವರು 'ಹಾಳೆ ತಟ್ಟೆ' ಎಂಬುದನ್ನು ಓದಿ ಕಾಗದದ ತಟ್ಟೆಯೆಂದು ತಿಳಿದು ಮುಂದೆ ಸಾಗಿದರೆ ತಪ್ಪು ಅವರದಲ್ಲ. ಯಂತ್ರಾನುವಾದವೂ ಇದೇ ಗುಂಡಿಗೆ ಬೀಳಬಲ್ಲದು. ಆದುದರಿಂದ ಮೊದಲ ಸಾಲಿನಲ್ಲಿ 'ಅಡಿಕೆ ಮರದ ಹಾಳೆಯಿಂದ ಮಾಡಿದ ತಟ್ಟೆ' ಎಂದು ಬಿಡಿಸಿ ಬರೆದು, ಬಳಿಕ 'ಹಾಳೆ ತಟ್ಟೆ' ಎನ್ನಬೇಕು. ಊರಿನವರಿಗೆ ಎರಡನೆಯದು ಸಾಕು, ಹೊರಗಿನವರಿಗೆ ಮೊದಲನೆಯದು ಬೇಕು. ಒಂದು ಪದವನ್ನು ಯಾರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬ ಈ ವಿವೇಚನೆಯನ್ನು ಹತ್ತನೆಯ ತರಗತಿಯ ಮಗು ಸ್ವತಃ ಮಾಡಿದರೆ, ಆ ವರ್ಷದ ಭಾಷಾ ಪಾಠದ ದೊಡ್ಡ ಭಾಗ ಸಾರ್ಥಕವಾದಂತೆ.

ಕರಡನ್ನು ಮೊದಲು ಕನ್ನಡದಲ್ಲಿಯೇ ಬರೆಯಬೇಕು. ಇದು ಅಭಿಮಾನದ ಮಾತಷ್ಟೇ ಅಲ್ಲ. ಘಟಕದವರೊಡನೆ ಮಾತುಕತೆ ನಡೆದದ್ದು ಕನ್ನಡದಲ್ಲಿ, ಪ್ರಶ್ನೆಗಳನ್ನು ಬರೆದಿಟ್ಟದ್ದು ಕನ್ನಡದಲ್ಲಿ. ಆ ಕರಡನ್ನು ಯಜಮಾನರೇ ಓದಿ ತಿದ್ದಬಲ್ಲರು. ಅವರಿಗೆ ಓದಲು ಕನ್ನಡಕ್ಕಿಂತ ಮಲಯಾಳವೇ ರೂಢಿಯಾಗಿದ್ದರೆ ಮಕ್ಕಳು ಗಟ್ಟಿಯಾಗಿ ಓದಿಹೇಳಲಿ. ತಿದ್ದುಪಡಿ ಮುಗಿದ ಮೇಲೆ ಮಲಯಾಳದ ಪುಟ, ಅನಂತರ ಇಂಗ್ಲಿಷಿನದು. ಕನ್ನಡದ ಪುಟವನ್ನು ಸಾಲುಸಾಲಾಗಿ ಅನುವಾದಿಸುವ ಅಗತ್ಯವಿಲ್ಲ. ಮಂಗಳೂರಿನ ಸಗಟು ವ್ಯಾಪಾರಿಗೆ ಬೇಕಾದದ್ದು ಸಾವಿರದ ಲೆಕ್ಕ ಮತ್ತು ಸಾಗಾಟದ ವಿವರ. ನೆರೆಯ ಮನೆಯವರಿಗೆ ಬೇಕಾದದ್ದು ನಾಳೆ ಸಿಗುತ್ತದೆಯೇ ಎಂಬುದು. ಯಾವ ಭಾಷೆಯಲ್ಲಿ ಯಾರು ಏನು ಕೇಳಿದರೆಂದು ಫೋನಿನ ಪುಸ್ತಕದಲ್ಲಿ ಒಂದು ಅಕ್ಷರದ ಗುರುತು ಹಾಕಿಸಿದ್ದರೆ ಈ ನಿರ್ಧಾರ ಸುಲಭ. ತುಳುವಿನಲ್ಲಿ ಮಾತನಾಡುವವರು ಬರೆದು ಕೇಳುವುದಕ್ಕಿಂತ ಫೋನು ಮಾಡುವುದೇ ಹೆಚ್ಚು. ಅವರ ಪಾಲಿಗೆ ಎದ್ದು ಕಾಣುವ ದೂರವಾಣಿ ಸಂಖ್ಯೆಯೇ ತುಳುವಿನ ಪುಟ.

ಅಕ್ಷರದ ತಾಂತ್ರಿಕ ವಿಷಯವನ್ನೂ ಯೋಜನೆಯ ಹಂತದಲ್ಲಿಯೇ ತೀರ್ಮಾನಿಸತಕ್ಕದ್ದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಪುಟ ಗಿರಾಕಿಯ ಫೋನಿನಲ್ಲಿ ಕೆಟ್ಟುಹೋಗುವುದಕ್ಕೆ ಇದು ಮುಖ್ಯ ಕಾರಣ. ಪ್ರತಿಯೊಂದು ಪದವೂ ಯುನಿಕೋಡಿನಲ್ಲಿರಬೇಕು, ಕಡತವನ್ನು ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಉಳಿಸಬೇಕು, ಪುಟದ ತಲೆಯಲ್ಲಿ ಅದನ್ನು ನಮೂದಿಸಬೇಕು. ಭಾಷೆಯನ್ನು ಸೂಚಿಸುವ ಜಾಗದಲ್ಲಿ ಕನ್ನಡಕ್ಕೆ 'ಕೆ ಎನ್', ಮಲಯಾಳಕ್ಕೆ 'ಎಂ ಎಲ್' ಎಂಬ ಸಂಕೇತಗಳನ್ನು ಬರೆಯಬೇಕು. ಓದಿಹೇಳುವ ತಂತ್ರಾಂಶಗಳು ಯಾವ ಭಾಷೆಯ ಉಚ್ಚಾರಣೆ ಬೇಕೆಂದು ತಿಳಿಯುವುದು ಇದರಿಂದ. ಸಾಲುಗಳ ನಡುವಣ ಅಂತರವನ್ನು ಇಂಗ್ಲಿಷಿಗೆ ಇಡುವುದಕ್ಕಿಂತ ಹೆಚ್ಚು ಇಡಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಉಚಿತವಾಗಿ ಬಳಸಬಹುದಾದ ನೋಟೋ ಸಾನ್ಸ್ ಕನ್ನಡದಂತಹ ಫಾಂಟುಗಳಿವೆ.

ಚಿತ್ರಗಳ ಬಗ್ಗೆ ಒಂದು ಗಣಿತ. ಫೋನಿನಲ್ಲಿ ತೆಗೆದ ಚಿತ್ರವೊಂದು 4 ಮೆಗಾಬೈಟ್ ಇದ್ದರೆ ಅದು 32 ಮೆಗಾಬಿಟ್. ಸೆಕೆಂಡಿಗೆ 2 ಮೆಗಾಬಿಟ್ ವೇಗ ಮಾತ್ರ ಸಿಗುವ ಗುಡ್ಡದ ಬುಡದಲ್ಲಿ ಆ ಒಂದು ಚಿತ್ರ ಮೂಡಲು 16 ಸೆಕೆಂಡು ಬೇಕು. ಆರು ಚಿತ್ರಗಳಿದ್ದರೆ ಒಂದೂವರೆ ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಗಿರಾಕಿ ಫೋನನ್ನು ಕಿಸೆಗೆ ಹಾಕಿರುತ್ತಾನೆ. ಚಿತ್ರವನ್ನು 200 ಕಿಲೋಬೈಟಿಗೆ ಇಳಿಸಿದರೆ ಒಂದು ಸೆಕೆಂಡಿನೊಳಗೆ ಬರುತ್ತದೆ. ಇದನ್ನು ಮಕ್ಕಳೇ ಲೆಕ್ಕ ಹಾಕಲಿ.

ಪುಟದಲ್ಲಿ ಏನು ಬರೆಯಬಾರದು ಎಂಬುದು ಏನು ಬರೆಯಬೇಕು ಎಂಬಷ್ಟೇ ಮುಖ್ಯ. ಇತರ ತಾಣಗಳಿಂದ 'ನೂರಕ್ಕೆ ನೂರು ಸುರಕ್ಷಿತ', 'ಆರೋಗ್ಯಕ್ಕೆ ಹಿತಕರ', 'ರಫ್ತು ಗುಣಮಟ್ಟದ್ದು' ಎಂಬ ಮಾತುಗಳನ್ನು ಎತ್ತಿಕೊಂಡು ಬರುವುದು ಮಕ್ಕಳಿಗೆ ಸಹಜ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಸಹಜ ಕ್ಷಾರಾಂಶಗಳು ಆಹಾರಕ್ಕೆ ಸೇರಬಹುದೆಂಬ ಕಾರಣವನ್ನು ಮುಂದಿಟ್ಟು 2025ರಲ್ಲಿ ಹಾಳೆಯ ಊಟದ ಪಾತ್ರೆಗಳ ಆಮದನ್ನು ತಡೆಯುವ ಕ್ರಮ ಕೈಗೊಂಡಿತು. ತಲೆಮಾರುಗಳಿಂದ ಹಾಳೆಯನ್ನು ಬಳಸುತ್ತಾ ಬಂದ ಊರಿನಲ್ಲಿ ಇದು ವಿಚಿತ್ರವೆನಿಸಬಹುದು, ಅದರ ಚರ್ಚೆ ತರಗತಿಯಲ್ಲಿ ನಡೆಯಲಿ. ಆದರೆ ವಿದ್ಯಾರ್ಥಿಯೊಬ್ಬನು ತಾನು ಪರೀಕ್ಷಿಸಿ ತಿಳಿಯದ ಆರೋಗ್ಯದ ಭರವಸೆಯನ್ನು ಇನ್ನೊಬ್ಬರ ಉದ್ಯಮದ ಹೆಸರಿನಲ್ಲಿ ಲೋಕಕ್ಕೆ ಸಾರುವಂತಿಲ್ಲ. ಕಂಡದ್ದನ್ನು ಬರೆಯಲಿ: ಹಾಳೆಯನ್ನು ಹೇಗೆ ತೊಳೆಯುತ್ತಾರೆ, ಅಂಟು ಬಣ್ಣಗಳನ್ನು ಸೇರಿಸುತ್ತಾರೆಯೇ ಇಲ್ಲವೇ, ತಟ್ಟೆಯಲ್ಲಿ ಬಿಸಿ ಸಾರು ಎಷ್ಟು ಹೊತ್ತು ನಿಂತಿತು. ಕೊನೆಯದನ್ನು ಶಾಲೆಯಲ್ಲಿಯೇ ಗಡಿಯಾರ ಹಿಡಿದು ಪರೀಕ್ಷಿಸಬಹುದು. 'ಸೋರುವುದಿಲ್ಲ' ಎಂಬ ಘೋಷಣೆಗಿಂತ 'ಇಷ್ಟು ನಿಮಿಷ ಇಟ್ಟು ನೋಡಲಾಗಿದೆ' ಎಂಬ ವಾಕ್ಯವನ್ನು ಗಿರಾಕಿ ಹೆಚ್ಚು ನಂಬುತ್ತಾನೆ.

ಯಂತ್ರದ ಮುಂದೆ ದುಡಿಯುವ ಅಕ್ಕಂದಿರ ಮುಖ ಕಾಣುವ ಚಿತ್ರವನ್ನು ಅವರನ್ನು ಕೇಳದೆ ಹಾಕಬಾರದು. ಯಜಮಾನರ ಅನುಮತಿ ಅವರ ಅನುಮತಿಯಾಗುವುದಿಲ್ಲ. ವಿದ್ಯಾರ್ಥಿಗಳ ಹೆಸರು, ಚಿತ್ರ, ದೂರವಾಣಿ ಸಂಖ್ಯೆಗಳು ತಾಣದಲ್ಲಿ ಇರಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ತಾಣದಲ್ಲಿಯೇ ಹಣ ಪಡೆದು ಮಾರುವ ವ್ಯವಸ್ಥೆಯನ್ನು ಶಾಲಾ ಯೋಜನೆಯಲ್ಲಿ ಸೇರಿಸದಿರುವುದು ಲೇಸು. ಅದಕ್ಕೆ 2020ರ ಇ-ವಾಣಿಜ್ಯ ನಿಯಮಗಳಂತಹ ಹೊಣೆಗಾರಿಕೆಗಳಿವೆ, ಹಣ ತಪ್ಪಿಹೋದರೆ ಉತ್ತರಿಸುವವರು ಯಾರೆಂಬ ಪ್ರಶ್ನೆಯೂ ಇದೆ. ಮಾಹಿತಿ ಮತ್ತು ದೂರವಾಣಿ ಸಂಖ್ಯೆ, ಇಷ್ಟು ಸಾಕು.

ನಿರ್ಮಾಣದ ಹಂತಕ್ಕೆ ಹೆಚ್ಚು ಮಾತು ಬೇಡ. ಪಠ್ಯಪುಸ್ತಕ ಅದನ್ನು ಚೆನ್ನಾಗಿ ಕಲಿಸುತ್ತದೆ. ನಕ್ಷೆಯನ್ನು ಫೋನಿನ ಪರದೆಯ ಅಳತೆಯ ಕಾಗದದಲ್ಲಿ ಬರೆಯಿಸಿದರೆ ಒಳ್ಳೆಯದು, ಏಕೆಂದರೆ ಗಿರಾಕಿಗಳಲ್ಲಿ ಬಹುಪಾಲು ಮಂದಿ ನೋಡುವುದು ಫೋನಿನಲ್ಲಿ. ಪರೀಕ್ಷೆಯ ವಿಧಾನ ಮಾತ್ರ ಗಮನಿಸತಕ್ಕದ್ದು. ಶಾಲೆಗೆ ಬಂದ ಪೋಷಕರೊಬ್ಬರ ಕೈಗೆ ಫೋನು ಕೊಟ್ಟು 'ಐನೂರು ತಟ್ಟೆಗೆ ಎಷ್ಟಾಗುತ್ತದೆ, ನೋಡಿ ಹೇಳಿ ಅಮ್ಮ' ಎಂದು ಕೇಳಿ, ಆಮೇಲೆ ಮಕ್ಕಳು ಬಾಯಿ ಮುಚ್ಚಿ ನಿಲ್ಲಬೇಕು. 'ಅಲ್ಲಿ ಒತ್ತಿ, ಇಲ್ಲಿ ನೋಡಿ' ಎನ್ನುವಂತಿಲ್ಲ. ಅವರ ಬೆರಳು ಎಲ್ಲಿ ತಡೆದು ನಿಲ್ಲುತ್ತದೆಯೋ ಅಲ್ಲಿ ಪುಟ ಕೆಟ್ಟಿದೆ. ಮಕ್ಕಳಿಗೆ ಈ ಮೌನಕ್ಕಿಂತ ಕಷ್ಟದ ಕೆಲಸ ಇಡೀ ಯೋಜನೆಯಲ್ಲಿ ಇನ್ನೊಂದಿಲ್ಲ.

ಮಾರ್ಚ್ ಬಂದಾಗ ಆ ತಂಡ ಶಾಲೆ ಬಿಟ್ಟುಹೋಗುತ್ತದೆ. ಆಮೇಲೆ ಆ ತಾಣದ ಗತಿಯೇನು? ಇದರ ಉತ್ತರವನ್ನು ಮೊದಲ ದಿನವೇ ಬರೆದಿಡದಿದ್ದರೆ, ಎರಡು ವರ್ಷ ಹಳೆಯ ಬೆಲೆಯನ್ನು ತೋರಿಸುವ ತಾಣವೊಂದು ಘಟಕದ ಹೆಸರು ಕೆಡಿಸುತ್ತಾ ನಿಂತಿರುತ್ತದೆ. ಹಾಳೆಯ ಲಭ್ಯತೆಗೆ ತಕ್ಕಂತೆ ಬೆಲೆ ಏರಿಳಿಯುವುದರಿಂದ, ಬೆಲೆಯ ಪಕ್ಕದಲ್ಲಿ ಯಾವ ತಿಂಗಳಿನದೆಂದು ನಮೂದಿಸಬೇಕು; ಅದನ್ನು ಬದಲಿಸುವ ಕ್ರಮವನ್ನು ಘಟಕದ ಒಬ್ಬರಿಗೆ ಕಲಿಸಬೇಕು. ತಾಣದ ಖಾತೆಯನ್ನು ಅಧ್ಯಾಪಕರ ಅಥವಾ ವಿದ್ಯಾರ್ಥಿಯ ಮಿಂಚಂಚೆಯಲ್ಲಿ ತೆರೆಯದೆ ಯಜಮಾನರ ಹೆಸರಿನಲ್ಲಿಯೇ ತೆರೆಯಬೇಕು. ಸ್ವಂತ ವಿಳಾಸವನ್ನು ಕೊಳ್ಳುವುದಾದರೆ ಅದು ಒಮ್ಮೆಗೆ ಮುಗಿಯುವ ಖರ್ಚಲ್ಲ, ಅವಧಿ ತೀರಿದಾಗ ಮತ್ತೆ ಹಣ ಕಟ್ಟಬೇಕು ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು. '.ಭಾರತ' ಎಂದು ಕೊನೆಗೊಳ್ಳುವ ಕನ್ನಡ ಲಿಪಿಯ ವಿಳಾಸವೂ ದೊರೆಯುತ್ತದೆ. ಫಲಕದ ಮೇಲೆ ಅದು ಸೊಗಸು, ಆದರೆ ಫೋನಿನಲ್ಲಿ ಕನ್ನಡ ಕೀಲಿಮಣೆ ಇಲ್ಲದ ಗಿರಾಕಿ ಅದನ್ನು ಹೇಗೆ ಒತ್ತುತ್ತಾನೆಂದು ಯೋಚಿಸಿಯೇ ನಿರ್ಧರಿಸಲಿ. ಹಸ್ತಾಂತರದ ದಿನ ಕನ್ನಡದಲ್ಲಿ ಬರೆದ ಒಂದು ಪುಟದ ಪತ್ರವನ್ನು ಕೊಡಬೇಕು: ಗುಪ್ತಪದ ಎಲ್ಲಿದೆ, ಬೆಲೆ ಬದಲಿಸುವುದು ಹೇಗೆ, ತಾಣವೇ ಬೇಡವೆನಿಸಿದರೆ ಅಳಿಸುವುದು ಹೇಗೆ. ಕೊನೆಯದನ್ನು ಬರೆಯಲು ಮಕ್ಕಳ ಮನಸ್ಸು ಒಪ್ಪುವುದಿಲ್ಲ, ಆದರೂ ಬರೆಯಿಸಬೇಕು.

ಇತರ ಗಡಿಪ್ರದೇಶಗಳ ಅಧ್ಯಾಪಕರು ಉದ್ಯಮವನ್ನು ಬದಲಿಸಿಕೊಂಡರೆ ಸಾಕು. ಸೊಲ್ಲಾಪುರದಲ್ಲಿ ಚಾದರದ ಮಗ್ಗವಿದೆ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ, ಹೊಸೂರಿನಲ್ಲಿ ಗುಲಾಬಿಯ ತೋಟಗಳಿವೆ. ಅಲ್ಲಿಯ ಫೋನಿನ ಪುಸ್ತಕದಲ್ಲಿ ಮಲಯಾಳದ ಜಾಗಕ್ಕೆ ಮರಾಠಿಯೋ ತೆಲುಗೋ ತಮಿಳೋ ಬರುತ್ತದೆ. ಪದಗಳ ತೊಡಕು ಅಲ್ಲಿಯೂ ಇರುತ್ತದೆ. ಅದನ್ನು ಹುಡುಕಿ ತೆಗೆಯುವ ಭಾರ ಮಕ್ಕಳದಾಗಲಿ.

ಅಂಕಗಳ ಹಂಚಿಕೆಯಲ್ಲಿ ಅರ್ಧದಷ್ಟಾದರೂ ವಿಚಾರಣೆಯ ನೋಟ್‌ಪುಸ್ತಕ, ನಕ್ಷೆ ಮತ್ತು ತಿದ್ದಿದ ಕರಡುಗಳಿಗೆ ಸಲ್ಲಬೇಕು. ಮೌಖಿಕ ಪರೀಕ್ಷೆಯಲ್ಲಿ 'ಈ ಪುಟವನ್ನು ಏಕೆ ಮಾಡಿದೆ?' ಎಂಬುದರ ಜತೆಗೆ 'ಯಾವ ಪುಟವನ್ನು ಬಿಟ್ಟೆ, ಏಕೆ?' ಎಂದೂ ಕೇಳಬೇಕು. ಒಂದು ಸಂದರ್ಭವನ್ನು ಅಧ್ಯಾಪಕರು ಮೊದಲೇ ಎಣಿಸಿರುವುದು ಉತ್ತಮ. ಎರಡು ವಾರಗಳ ವಿಚಾರಣೆಯ ಬಳಿಕ ಒಂದು ತಂಡವು 'ಈ ಘಟಕಕ್ಕೆ ಜಾಲತಾಣದ ಅಗತ್ಯವಿಲ್ಲ. ಎಲ್ಲ ಗಿರಾಕಿಗಳೂ ಪರಿಚಯದವರೇ, ವಾಟ್ಸಾಪಿನಲ್ಲಿ ಕಳುಹಿಸಬಹುದಾದ ಒಂದು ದರಪಟ್ಟಿ ಸಾಕು' ಎಂಬ ತೀರ್ಮಾನಕ್ಕೆ ಬರಬಹುದು. ಲೆಕ್ಕಗಳು ಅದನ್ನು ಸಮರ್ಥಿಸಿದರೆ ಆ ತಂಡವು ದರಪಟ್ಟಿಯನ್ನೇ ಕನ್ನಡ, ಮಲಯಾಳಗಳಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡಲಿ. ಎಚ್‌ಟಿಎಂಎಲ್ ಅಭ್ಯಾಸಕ್ಕಾಗಿ ಅದೇ ಪಟ್ಟಿಯನ್ನು ಒಂದು ಪುಟವಾಗಿ ಬರೆದು ಶಾಲೆಯ ಕಂಪ್ಯೂಟರಿನಲ್ಲಿ ಇಡಲಿ. ಅಂತಹ ತಂಡಕ್ಕೆ ಪೂರ್ಣ ಅಂಕ ಕೊಡುವ ಅವಕಾಶವನ್ನು ಅಂಕಪಟ್ಟಿಯಲ್ಲಿ ಜೂನ್ ತಿಂಗಳಲ್ಲಿಯೇ ಮಾಡಿಡತಕ್ಕದ್ದು.